ಮೂತಿ ಭಾರದ ಚೀಟಿ

ಕಾರ್ನಿಲ್ಲಾದಲ್ಲಿ ಯಾರಾದರೂ ಬಂದು ಕಾರಿಗೆ ಕಟ್ಟಿ ಎಳೆಯುವ ತಮ್ಮ ಮನೆಗಾಡಿ, ಅಂದರೆ ಕ್ಯಾರವಾನು, ಹಗುರವಾಗಿದೆ ಎಂದರೆ ಎಲ್ವಾ ನೋಸ್ಕೆ ಮೊದಲು ನೋಡುತ್ತಿದ್ದದ್ದು ಕ್ಯಾರವಾನನ್ನಲ್ಲ, ಹೇಳಿದವನ ಕಣ್ಣನ್ನು. ಕಣ್ಣು ನೀರಿನ ತೊಟ್ಟಿಯ ಕಡೆ ಹೊರಳಿತೋ, ತೊಟ್ಟಿ ಖಾಲಿ. ಹೆಂಡತಿಯ ಕಡೆ ಹೊರಳಿತೋ, ಮಂಚದ ಕೆಳಗೆ ಏನೋ ಇದೆ. ಎಲ್ಲಿಯೂ ಹೊರಳದೆ ನೆಟ್ಟಗೆ ಅವಳ ಮುಖವನ್ನೇ ನೋಡಿತೋ, ಆ ಮನುಷ್ಯ ನುರಿತ ಸುಳ್ಳುಗಾರ. ಅವನ ಗಾಡಿಯನ್ನು ಎರಡು ಸಲ ತೂಗಬೇಕು.

ಎಪ್ಪತ್ತೊಂದು ವರ್ಷದ ಹೆಂಗಸು ಸುಮ್ಮಸುಮ್ಮನೆ ಹೀಗಾಗಿರಲಿಲ್ಲ. ಮೂವತ್ತೊಂದು ಸುಗ್ಗಿ ಅವಳು ಊರ ಗೋಧಿ ಕಣಜದ ವೇಬ್ರಿಡ್ಜ್ ಕಾದವಳು. ತುಂಬಿದ ಲಾರಿ ಬರುತ್ತದೆ, ತೂಗುತ್ತದೆ. ಗೋಧಿ ಸುರಿದು ಖಾಲಿ ಲಾರಿ ಬರುತ್ತದೆ, ಮತ್ತೆ ತೂಗುತ್ತದೆ. ನಡುವಿನ ವ್ಯತ್ಯಾಸವೇ ಗೋಧಿ. ಕೇಳಲು ಸರಳ. ಆದರೆ ಅವಳ ಮೊದಲ ಸುಗ್ಗಿಯಲ್ಲೇ ಲೂ ಹೆನ್ಶ್‌ಕೆ ಎಂಬ ದೊಡ್ಡ ರೈತ, ತುಂಬಿದ ಲಾರಿಯ ಮುಂದೆ ತನ್ನ ಮೂವರು ದಢೂತಿ ತಮ್ಮಂದಿರನ್ನು ಕೂರಿಸಿಕೊಂಡು ಬಂದು, ಖಾಲಿ ಲಾರಿಯನ್ನು ಒಬ್ಬನೇ ಓಡಿಸಿಕೊಂಡು ಬಂದಿದ್ದ. ಮೂವರು ತಮ್ಮಂದಿರೂ ಗೋಧಿಯ ಲೆಕ್ಕಕ್ಕೆ ಸೇರಿಹೋಗಿದ್ದರು. ಎಲ್ವಾ ಕಿಟಕಿಯಿಂದ ತಲೆ ಹೊರಹಾಕಿ, "ಲೂ, ನಿನ್ನ ತಮ್ಮಂದಿರನ್ನೂ ಕಣಜಕ್ಕೆ ಸುರಿದುಬಂದೆಯಾ? ಹಿಟ್ಟು ಬೀಸೋವಾಗ ಗಂಟು ಗಂಟಾದಾರು" ಎಂದು ಕೇಳಿದ್ದಳು. ಅಂದಿನಿಂದ ಅವಳ ಹೆಸರು ಮೂಗು ಎಲ್ವಾ. ಮೂಸಿದರೆ ಸಾಕು, ಕಿಲೋ ಗೊತ್ತಾಗುತ್ತದಂತೆ. ಕಟುಕನ ಅಂಗಡಿಯ ಮಾಂಸವನ್ನೂ ಮನೆಗೆ ತಂದು ಇನ್ನೊಮ್ಮೆ ತೂಗುವವಳು ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ನಿಜವೂ ಆಗಿತ್ತು.

ಆ ಮೂವತ್ತೊಂದು ಸುಗ್ಗಿಯಲ್ಲಿ ಅವಳು ಕಲಿತ ಇನ್ನೊಂದು ವಿದ್ಯೆಯಿತ್ತು. ಗಂಡಸರಿಗೆ ಹತ್ತು ಚೀಲ ಇಳಿಸು ಎಂದರೆ ಮೂರು ಇಳಿಸಿ, ಬೆವರು ಒರೆಸಿಕೊಂಡು, ಹತ್ತು ಇಳಿಸಿದೆ ಎನ್ನುತ್ತಾರೆ. ಹಾಗಾಗಿ ಮೂರು ಇಳಿಯಬೇಕಾದರೆ ಹತ್ತು ಎನ್ನಬೇಕು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ವಿದ್ಯೆ ಕೆಡುತ್ತದೆ.

ಕಣಜದ ಕೆಲಸದಿಂದ ನಿವೃತ್ತಿಯಾದ ವರ್ಷವೇ ಊರಾಚೆಯ ನಲವತ್ತನೇ ಕಿಲೋಮೀಟರ್ ಕಂಬದ ಹತ್ತಿರ ಒಂದು ಕ್ಯಾರವಾನು ಮಗುಚಿತು. ಆಂಬುಲೆನ್ಸಿನ ಸ್ವಯಂಸೇವಕರ ಜತೆ ಎಲ್ವಾ ಕೂಡ ಹೋಗಿದ್ದಳು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಆ ಮನೆ, ಹೊರಗಿನಿಂದ ನೋಡಲು ಎಷ್ಟು ಗಟ್ಟಿ, ಒಳಗೆ ಮೊಟ್ಟೆಯ ಸಿಪ್ಪೆ. ಗೋಡೆಯಾಗಿದ್ದದ್ದೆಲ್ಲ ರಸ್ತೆಯ ಮೇಲೆ ರಟ್ಟಿನ ಹಾಗೆ ಹರಡಿತ್ತು. ಫ್ರಿಜ್ಜಿನ ಬಾಗಿಲು ಒಂದು ಕಡೆ, ಟೀ ಪುಡಿಯ ಡಬ್ಬಿ ಇನ್ನೊಂದು ಕಡೆ. ಗಂಡನ ಸೊಂಟ ಮುರಿದಿತ್ತು. ಹೆಂಡತಿ ರಸ್ತೆಯ ಬದಿಯಲ್ಲಿ ಕುಳಿತು, "ಗಾಡಿ ಮಾರಿದವರು ಕೊಟ್ಟ ಪುಸ್ತಕದಲ್ಲಿ ತೂಕ ಎಲ್ಲ ಸರಿ ಇತ್ತು, ಎಲ್ಲ ಸರಿ ಇತ್ತು" ಎನ್ನುತ್ತಲೇ ಇದ್ದಳು. ಎಲ್ವಾ ಮರುವಾರವೇ ಪಂಚಾಯಿತಿ ಕಚೇರಿಗೆ ಹೋಗಿ ನಾಲ್ಕು ತೂಕದ ಹಲಗೆ ಕೊಡಿಸಿಕೊಂಡು, ಜಾತ್ರೆ ಮೈದಾನದ ತಗಡಿನ ಚಪ್ಪರದ ಕೆಳಗೆ ಹಾಸಿಕೊಂಡು ಕುಳಿತಳು. ಪಶ್ಚಿಮಕ್ಕೆ ಹೊರಟವರು ಅಲ್ಲಿ ನಿಂತು ತೂಗಿಸಿಕೊಂಡು ಹೋಗಬಹುದು. ಊರಿನ ಕ್ಯಾರವಾನು ಸಂಘವಂತೂ, ಎಲ್ವಾಳ ಸಹಿಯ ಚೀಟಿ ಇಲ್ಲದ ಗಾಡಿಯನ್ನು ತನ್ನ ಸಾಲಿಗೆ ಸೇರಿಸಿಕೊಳ್ಳುವುದಿಲ್ಲ ಎಂದು ನಿಯಮವನ್ನೇ ಮಾಡಿತು.

ಈಸ್ಟರ್ ಕಳೆದ ಆ ಗುರುವಾರ ಬೆಳಿಗ್ಗೆ ಎಲ್ವಾ ಹಲಗೆಗಳ ಮೇಲಿನ ಧೂಳು ಗುಡಿಸಿ ಕಾಯುತ್ತಿದ್ದದ್ದು ತನ್ನ ಸ್ವಂತ ತಂಗಿ ರೀಟಾ ಮತ್ತು ರೀಟಾಳ ಗಂಡ ಕ್ಲೆಮ್‌ನನ್ನು. ಸಂಘದ ಏಳು ಗಾಡಿಗಳ ಸಾಲು ಮರುದಿನ ಬೆಳಿಗ್ಗೆ ಹೊರಡುವುದಿತ್ತು. ಮುಂದಿನ ಸಾವಿರದ ಇನ್ನೂರು ಕಿಲೋಮೀಟರು ಮರವಿಲ್ಲದ ಬಯಲು, ಎದುರಿಗೆ ಬರುವುದೆಲ್ಲ ಮೂರು ಮೂರು ಟ್ರೇಲರು ಕಟ್ಟಿಕೊಂಡ ರೈಲಿನಂಥ ಲಾರಿಗಳು. ಅರವತ್ತಾರು ವರ್ಷದ ರೀಟಾ ಆ ಬಯಲನ್ನು ಒಮ್ಮೆಯೂ ದಾಟಿದವಳಲ್ಲ. ಹೊಸ ಕ್ಯಾರವಾನಿಗೆ ಪರದೆ ಹೊಲಿಯಲು ತೊಡಗಿ ವರ್ಷವಾಗಿತ್ತು.

ಫೆಬ್ರವರಿಯಲ್ಲಿ ಇದೇ ಗಾಡಿಯನ್ನು ಎಲ್ವಾ ಒಮ್ಮೆ ತೂಗಿದ್ದಳು. ಒಟ್ಟು ತೂಕ ಸರಿಯಿತ್ತು. ಗಾಡಿಗೆ ಬಡಿದ ತಗಡಿನ ಮೇಲೆ ಕೊರೆದ ಮಿತಿ ಎರಡು ಸಾವಿರದ ಎಂಟುನೂರು ಕಿಲೋ, ಗಾಡಿ ಅದರೊಳಗೇ ಇತ್ತು. ಸರಿಯಿಲ್ಲದ್ದು ಮೂತಿ ಭಾರ, ಅಂದರೆ ಕ್ಯಾರವಾನಿನ ಮೂತಿ ಕಾರಿನ ಕೊಂಡಿಯ ಮೇಲೆ ಒತ್ತುವ ತೂಕ. ಕೊಂಡಿ ತಾಳುವುದು ಮುನ್ನೂರು, ಒತ್ತುತ್ತಿದ್ದದ್ದು ಮುನ್ನೂರ ಹದಿನೆಂಟು. ಮೂತಿಯಿಂದ ಎಷ್ಟು ಇಳಿಸಬೇಕೆಂದು ಚೀಟಿ ಬರೆದುಕೊಟ್ಟು, ಇಳಿಸಿಕೊಂಡು ಬನ್ನಿ, ಆಮೇಲೆ ಸಹಿ ಎಂದು ಕಳಿಸಿದ್ದಳು. ಆದರೆ ಕ್ಲೆಮ್ ಇಳಿಸುವ ಪೈಕಿಯವನಲ್ಲ ಎಂಬುದು ಅವಳ ಗುಮಾನಿ. ಅವನು ಹಳೆಯ ಕುರಿ ಉಣ್ಣೆ ಕತ್ತರಿಸುವವನು. ಮದುವೆಯ ದಿನ ತಾನು ಒಂದೇ ದಿನದಲ್ಲಿ ನೂರ ಎಂಬತ್ತು ಕುರಿ ಬೋಳಿಸಿದ್ದೇನೆಂದು ಭಾಷಣ ಮಾಡಿದ್ದ. ಎಲ್ವಾ ಆ ಕೊಟ್ಟಿಗೆಯ ಪುಸ್ತಕ ತರಿಸಿ ನೋಡಿದ್ದಳು. ನೂರ ನಲವತ್ತೊಂದು. ನಲವತ್ತಾರು ವರ್ಷವಾದರೂ ಆ ಮೂವತ್ತೊಂಬತ್ತು ಕುರಿಗಳು ಅವಳ ತಲೆಯಿಂದ ಇಳಿದಿರಲಿಲ್ಲ.

ಒಂಬತ್ತೂವರೆಗೆ ಗಾಡಿ ಮೈದಾನದೊಳಗೆ ತಿರುಗಿತು. ಬಹಳ ನಿಧಾನವಾಗಿ ತಿರುಗಿತು. ಅದೇ ಮೊದಲ ಅನುಮಾನ. ಕ್ಲೆಮ್ ಎಂದೂ ನಿಧಾನ ಓಡಿಸಿದವನಲ್ಲ.

ರೀಟಾ ಇಳಿದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಅದರಲ್ಲಿ ಅವರ ಅಮ್ಮ ಮಾಡುತ್ತಿದ್ದಂಥದೇ ಸಕ್ಕರೆ ಪುಡಿಯ ಜರ್ಮನ್ ಕೇಕು. ಲಂಗದ ಮೇಲೆ ಸೊಂಟದಿಂದ ಮೊಣಕಾಲಿನವರೆಗೆ ಟೀ ಚೆಲ್ಲಿದ ಕಲೆ.

"ತೂಕಕ್ಕೆ ಮುಂಚೆ ಕೇಕಾ?" ಎಂದಳು ಎಲ್ವಾ. "ಲಂಚ ಕೊಡೋರೂ ಇಷ್ಟು ಆತುರ ಪಡಲ್ಲ."

"ಬೇಡ ಅಂದ್ರೆ ವಾಪಸ್ ಕೊಡು, ನಾನೇ ತಿಂತೀನಿ" ಎಂದ ಕ್ಲೆಮ್, ಕಾರಿನ ಬಾಗಿಲಿಗೆ ಒರಗಿಕೊಂಡು. "ಆಮೇಲೆ ನನ್ನನ್ನೂ ತೂಗು."

"ಲಂಗಕ್ಕೆ ಏನಾಯ್ತೇ?"

ರೀಟಾ ಗಂಡನ ಕಡೆ ನೋಡಿದಳು. "ದಾರೀಲಿ ಗುಂಡಿ ಇತ್ತು. ಫ್ಲಾಸ್ಕ್ ಉರುಳ್ತು."

ಗುಂಡಿ. ಎಲ್ವಾ ಆ ಮಾತನ್ನು ನಾಲಗೆಯ ಮೇಲೆ ಇಟ್ಟುಕೊಂಡು ಚಪ್ಪರಿಸಿದಳು. ಅವರ ಮನೆಯಿಂದ ಇಲ್ಲಿಗೆ ಅರವತ್ತು ಕಿಲೋಮೀಟರು, ಹೋದ ಚಳಿಗಾಲದಲ್ಲಿ ಡಾಂಬರು ಹಾಕಿದ ಹೆದ್ದಾರಿ, ಕೈಮೇಲೆ ಎಣ್ಣೆ ಹಚ್ಚಿದ ಹಾಗೆ ನುಣುಪು. ಅಲ್ಲಿ ಗುಂಡಿ ಹುಡುಕಬೇಕಾದರೆ ಸನಿಕೆ ತೆಗೆದುಕೊಂಡು ಹೋಗಬೇಕು.

ಎಲ್ವಾ ಬಗ್ಗಿ ಕ್ಯಾರವಾನಿನ ಹೊಟ್ಟೆಯ ಕೆಳಗಿನ ನೀರಿನ ತೊಟ್ಟಿಗಳನ್ನು ಗೆಣ್ಣಿನಿಂದ ಬಡಿದಳು. ಡಬ್ ಎಂದಿತು; ತುಂಬಿದ ಸದ್ದು. ಎರಡನೆಯದೂ ಡಬ್. ಖಾಲಿ ತೊಟ್ಟಿಯಲ್ಲಿ ಬಂದು ತೂಗಿಸಿಕೊಂಡು ಆಚೆ ಹೋಗಿ ತುಂಬಿಸಿಕೊಳ್ಳುವುದು ಈ ಸಂಘದ ಅರ್ಧ ಜನರ ಕಸುಬು. ಇವನು ಹಾಗೆ ಮಾಡಿಲ್ಲ. ಅದರಿಂದ ಅವಳ ಅನುಮಾನ ಕಡಿಮೆಯಾಗುವ ಬದಲು ಹೆಚ್ಚಿತು. ಕಳ್ಳ ಕಿಟಕಿಯಿಂದ ಬಂದಿಲ್ಲವೆಂದರೆ ಬಾಗಿಲಿನಿಂದ ಬಂದಿದ್ದಾನೆ.

ಗಾಲಿಗಳು ಹಲಗೆ ಹತ್ತಿದವು. ಕೊಂಡಿ ಬಿಚ್ಚಿ, ಮೂತಿಯ ಪುಟ್ಟ ಗಾಲಿಯನ್ನು ಅದರ ಹಲಗೆಯ ಮೇಲೆ ಇಳಿಸಿದರು. ಎಲ್ವಾ ಕನ್ನಡಕ ಏರಿಸಿ ಅಂಕಿ ಓದಿದಳು. ಒಟ್ಟು ಎರಡು ಸಾವಿರದ ಏಳುನೂರ ಎಂಬತ್ತನಾಲ್ಕು. ಮಿತಿಗಿಂತ ಹದಿನಾರು ಕಡಿಮೆ.

"ಏನಮ್ಮಾ ಮೂಗು?" ಎಂದ ಕ್ಲೆಮ್. "ಕಾನೂನು ಮೀರಿದ್ದೀನಾ?"

"ಒಟ್ಟು ಸರಿಯಿದೆ."

"ಹಾಂ, ಇನ್ನೊಂದ್ಸಲ ಹೇಳು. ಕುರಿಗಳಿಗೂ ಕೇಳ್ಲಿ."

ಎಲ್ವಾ ಮೂತಿಯ ಹಲಗೆಯ ಅಂಕಿ ಓದಿದಳು. ಮತ್ತೆ ಓದಿದಳು. ನೂರ ಅರವತ್ತೆಂಟು.

ಅವಳು ಮಂಡಿಯೂರಿ ಕುಳಿತು ಹಲಗೆಯ ಸುತ್ತ ಕೈಯಾಡಿಸಿದಳು. ಮೂತಿಗಾಲಿಯ ಅಂಚು ನೆಲಕ್ಕೆ ತಾಗಿದ್ದರೆ ಅರ್ಧ ಭಾರ ಭೂಮಿ ಹೊತ್ತುಕೊಳ್ಳುತ್ತದೆ. ಆ ಆಟವನ್ನೂ ಅವಳು ಕಂಡಿದ್ದಳು. ತಾಗಿರಲಿಲ್ಲ. ಕಲ್ಲಿಲ್ಲ, ಕಡ್ಡಿಯಿಲ್ಲ. ಹಲಗೆಯ ಮೇಲೆ ತಾನೇ ಹತ್ತಿ ನಿಂತು ನೋಡಿದಳು. ಅರವತ್ತೆರಡು, ನಿನ್ನೆಯೂ ಅಷ್ಟೇ ಇದ್ದಳು. ಹಲಗೆ ಸುಳ್ಳು ಹೇಳುತ್ತಿಲ್ಲ.

"ಫೆಬ್ರವರೀಲಿ ಮುನ್ನೂರ ಹದಿನೆಂಟು ಇತ್ತು" ಎಂದಳು. "ಈಗ ನೂರ ಅರವತ್ತೆಂಟು. ಒಟ್ಟು ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ. ಸಾಮಾನು ಎಲ್ಹೋಯ್ತು ಕ್ಲೆಮ್?"

"ಎಲ್ಲೂ ಹೋಗಿಲ್ಲ. ಒಳಗೇ ಇದೆ."

"ಒಳಗೆ ಎಲ್ಲಿ?"

"ನೀನು ಪೊಲೀಸಾ? ಮೂತಿ ಇಳಿಸು ಅಂದೆ, ಇಳಿಸಿದ್ದೀವಿ. ಸಹಿ ಹಾಕು, ಕೇಕ್ ತಿನ್ನು."

ಎಲ್ವಾ ಕ್ಯಾರವಾನಿನ ಹಿಂದಕ್ಕೆ ನಡೆದಳು. ಹಿಂಭಾಗದಲ್ಲಿ ಅಗಲಕ್ಕೂ ಬಚ್ಚಲುಮನೆ. ಕಿಟಕಿಗೆ ಒಳಗಿನಿಂದ ಟವೆಲ್ಲು ಕಟ್ಟಿತ್ತು. ಹೊಸ ಪರದೆ ಹೊಲಿದವಳು ಬಚ್ಚಲಿಗೆ ಟವೆಲ್ಲು ಏಕೆ ಕಟ್ಟುತ್ತಾಳೆ? ಅವಳು ಮೆಟ್ಟಿಲಿಗೆ ಕಾಲಿಟ್ಟಳು. ಕ್ಲೆಮ್ ಮುಂದೆ ಬಂದು ಬಾಗಿಲಿಗೆ ಅಡ್ಡ ನಿಂತ.

"ಹೆಂಗಸರ ಬಚ್ಚಲು ಅದು. ಸ್ವಲ್ಪ ಮರ್ಯಾದೆ ಇಟ್ಕೋ."

"ನಾನೂ ಹೆಂಗಸೇ. ಮರೆತಿದ್ರೆ ನಿನ್ನ ಹೆಂಡ್ತೀನ ಕೇಳು."

"ತೂಕ ನಿನ್ನ ಕೆಲಸ. ಒಳಗೆ ನುಗ್ಗೋದಲ್ಲ. ಕಾನೂನಿನ ಪ್ರಕಾರ ಗಾಡಿ ಸರಿಯಿದೆಯೋ ಇಲ್ವೋ, ಅಷ್ಟು ಹೇಳು."

"ಕಾನೂನಿನ ಪ್ರಕಾರ ಸರಿಯಿದೆ" ಎಂದಳು ಎಲ್ವಾ. "ಕಾನೂನು ನಿನ್ನ ಜತೆ ಬಯಲು ದಾಟಲ್ಲ ಕ್ಲೆಮ್. ನನ್ನ ತಂಗಿ ದಾಟ್ತಾಳೆ. ಪಕ್ಕಕ್ಕೆ ಸರಿ."

ಅವಳು ಎದುರಿಗೆ ಅಡ್ಡ ನಿಂತವನನ್ನೇ ದಿಟ್ಟಿಸಿದಳು. ಅವನ ಕಣ್ಣು ಎಲ್ಲಿಗೂ ಹೊರಳಲಿಲ್ಲ. ಆದರೆ ಅವನ ಕೈಗಳೇ ಬೇರೆ ಕತೆ ಹೇಳುತ್ತಿದ್ದವು. ಅಂಗೈಗಳು ಕೆಂಪಗಾಗಿದ್ದವು, ಸ್ಟೀರಿಂಗನ್ನು ಜೀವ ಹಿಡಿದ ಹಾಗೆ ಹಿಡಿದವನ ಅಂಗೈ. ಗುಂಡಿ, ಚೆಲ್ಲಿದ ಟೀ, ನಿಧಾನವಾಗಿ ತಿರುಗಿದ ಗಾಡಿ. ಮೂರೂ ಸೇರಿ ಅವಳ ತಲೆಯಲ್ಲಿ ಒಂದೇ ಚಿತ್ರವಾಯಿತು.

"ಎದುರಿಗೆ ದೊಡ್ಡ ಲಾರಿ ಬಂತಲ್ವಾ?" ಎಂದು ಕೇಳಿದಳು, ತಂಗಿಯ ಕಡೆ ತಿರುಗಿ.

ರೀಟಾ ತಟ್ಟೆಯ ಬಟ್ಟೆಯನ್ನು ಸರಿಮಾಡಿದಳು. ಆಗಲೇ ಸರಿಯಿತ್ತು.

"ರೀಟಾ."

"ಗೋಧಿ ಲಾರಿ" ಎಂದಳು ರೀಟಾ. "ದಾಟಿಕೊಂಡು ಹೋಯ್ತು. ಗಾಳಿ ಹೊಡೀತು. ಆಮೇಲೆ ಹಿಂದೆ ಕ್ಯಾರವಾನು ಬಾಲ ಅಲ್ಲಾಡಿಸೋಕೆ ಶುರುಮಾಡ್ತು. ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ. ಕಾರನ್ನೂ ಎಳ್ಕೊಂಡು. ನಾನು ಕನ್ನಡೀಲಿ ನೋಡ್ತಿದ್ದೆ ಎಲ್ವಾ, ನನ್ನ ಪರದೆಗಳು ಕಾಣಿಸ್ತಾ ಇದ್ವು. ಪಕ್ಕದ ಕಿಟಕಿ ಪರದೆ ಹಿಂದಿನ ಕನ್ನಡೀಲಿ ಕಾಣಬಾರ್ದಲ್ವಾ."

"ಹೇಳಬೇಡ ಅಂದಿದ್ನಲ್ಲೇ" ಎಂದ ಕ್ಲೆಮ್. ಅವನ ದನಿಯಲ್ಲಿ ಜೋರಿರಲಿಲ್ಲ.

"ಯಾಕೆ ಹೇಳಬಾರ್ದು?" ಎಂದಳು ಎಲ್ವಾ.

"ಹೇಳಿದ್ರೆ ನೀನು ಸಹಿ ಹಾಕಲ್ಲ. ನಾಳೆ ಸಾಲು ನಮ್ಮನ್ನು ಬಿಟ್ಟು ಹೋಗುತ್ತೆ. ಒಂದು ವರ್ಷದಿಂದ ಇವಳು ಹೊಲೀತಾ ಕೂತಿದಾಳೆ."

ಎಲ್ವಾಳ ಕಿವಿಗೆ ಇದು ಬೀಳಲಿಲ್ಲ. ಅವಳು ಆಗಲೇ ಅವನನ್ನು ತಳ್ಳಿ ಒಳಗೆ ಹೋಗಿದ್ದಳು. ಬಚ್ಚಲಿನ ಬಾಗಿಲು ತೆಗೆದಳು. ಸ್ನಾನ ಮಾಡುವ ಜಾಗದಲ್ಲಿ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು, ಪುಟ್ಟ ಜನರೇಟರು, ಕ್ಲೆಮ್‌ನ ಕಬ್ಬಿಣದ ಹತಾರ ಪೆಟ್ಟಿಗೆ. ಎಲ್ಲವನ್ನೂ ಹಗ್ಗದಿಂದ ಅಚ್ಚುಕಟ್ಟಾಗಿ ಬಿಗಿದಿತ್ತು. ಮೂತಿಯ ಹತ್ತಿರದ ಮುಂದಿನ ಪೆಟ್ಟಿಗೆಯಲ್ಲಿ ಇರಬೇಕಾದ ನೂರ ನಾಲ್ಕು ಕಿಲೋ ಭಾರ ಬಂದು ಬಾಲದ ತುದಿಯಲ್ಲಿ ಕುಳಿತಿತ್ತು. ಬಾಲದ ಭಾರ ತಕ್ಕಡಿಯ ಹಾಗೆ ಮೂತಿಯನ್ನು ಮೇಲಕ್ಕೂ ಎತ್ತುತ್ತದೆ, ಆದ್ದರಿಂದಲೇ ನೂರ ನಾಲ್ಕು ಹಿಂದೆ ಹೋದರೆ ಮೂತಿಯಲ್ಲಿ ನೂರೈವತ್ತು ಇಳಿದಿತ್ತು. ಬಾಲ ಭಾರ, ಮೂತಿ ಹಗುರ. ಇಂಥ ಗಾಡಿ ಗಾಳಿಗೆ ನಾಯಿಯ ಬಾಲವಾಗದೆ ಇನ್ನೇನಾದೀತು? ನಲವತ್ತನೇ ಕಂಬದ ಹತ್ತಿರ ಹರಡಿದ್ದ ರಟ್ಟಿನ ಗೋಡೆಗಳು ಅವಳ ಕಣ್ಣ ಮುಂದೆ ಬಂದವು. ಟೀ ಪುಡಿಯ ಡಬ್ಬಿ ಕೂಡ.

ಹೊರಗೆ ಬಂದಾಗ ಅವಳ ಬಾಯಲ್ಲಿ ಬೆಂಕಿಯಿತ್ತು.

"ನಲವತ್ತಾರು ವರ್ಷ ಕ್ಲೆಮ್. ನಲವತ್ತಾರು ವರ್ಷದಿಂದ ನಿನ್ನನ್ನ ನೋಡ್ತಿದೀನಿ. ಕೊಂಡಿಗೆ ಭಾರ ಅಂದ್ರೆ ಮನೇಲಿಟ್ಟು ಬರೋದು ಬಿಟ್ಟು, ಬಚ್ಚಲಲ್ಲಿ ಬಚ್ಚಿಟ್ಟು, ಟವೆಲ್ ಕಟ್ಟಿ, ನನ್ನ ಕಣ್ಣಿಗೆ ಮಣ್ಣು ಹಾಕೋಕೆ ಬಂದೆ. ಇವಳನ್ನ ಕೊಲ್ಲಬೇಕು ಅಂತಿದ್ರೆ ಇಷ್ಟು ದೂರ ಯಾಕೆ ಕರ್ಕೊಂಡು ಹೋಗ್ತೀಯ?"

ಕ್ಲೆಮ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅವನಲ್ಲ" ಎಂದಳು ರೀಟಾ. "ನಾನು ಇಟ್ಟಿದ್ದು."

"ನೀನು?"

"ಅವನು ಒಂದು ಕ್ಯಾನು ತೆಗೆದು ಸಾಕು ಅಂದ. ನಾನೇ ಬಿಡಲಿಲ್ಲ. ಎಲ್ವಾ ಬರೆದಿದ್ದಾಳೆ, ಅವಳು ಬರೆದಷ್ಟೂ ಇಳೀಬೇಕು ಅಂದೆ. ಮೂತಿ ಕೆಳಗೆ ಮರದ ಹಲಗೆ ಇಟ್ಟು, ಅದರ ಕೆಳಗೆ ಮೈತೂಕ ನೋಡೋ ಎರಡು ತಕ್ಕಡಿ ಇಟ್ಟೆ. ಒಂದು ನಮ್ಮದು, ಒಂದು ಪಕ್ಕದ ಮನೇದು. ಹಾಗೆ ತೂಗೋದು ನೀನೇ ಹೇಳಿಕೊಟ್ಟಿದ್ದಲ್ವಾ? ಒಂದೊಂದೇ ಸಾಮಾನು ಹಿಂದಕ್ಕೆ ಸಾಗಿಸ್ತಾ, ಅಂಕಿ ನೋಡ್ತಾ, ನೀನು ಬರೆದಷ್ಟು ಆಗೋವರೆಗೂ. ಟವೆಲ್ ಕಟ್ಟಿದ್ದು ಬಿಸಿಲಿಗೆ. ಕ್ಯಾನು ಕಾಯುತ್ತೆ ಅಂತ."

ಅವಳು ಪರ್ಸಿನಿಂದ ಚೀಟಿ ತೆಗೆದಳು. ನಾಲ್ಕು ಮಡಿಕೆಯಾದ ಹಳದಿ ಕಾಗದ. ಎಲ್ವಾ ಅದನ್ನು ತೆಗೆದುಕೊಳ್ಳುವ ಮೊದಲೇ ಅದರಲ್ಲಿ ಏನಿದೆಯೆಂದು ಅವಳಿಗೆ ನೆನಪಾಗಿತ್ತು.

ಅವಳದೇ ಕೈಬರಹ. ಮೂತಿಯಿಂದ ನೂರೈವತ್ತು ಕಿಲೋ ಇಳಿಸುವುದು. ಕೆಳಗೆ ಎರಡು ಗೆರೆ ಎಳೆದಿತ್ತು.

ಇಳಿಯಬೇಕಾಗಿದ್ದದ್ದು ಹದಿನೆಂಟು, ಗಟ್ಟಿಯಾಗಿರಲೆಂದರೆ ಮೂವತ್ತು ನಲವತ್ತು. ಕ್ಲೆಮ್ ಎಂಬ ಹೆಸರು ಕಂಡ ಕೂಡಲೆ ಅವಳ ಕೈ ತಾನಾಗಿ ನೂರೈವತ್ತು ಬರೆದಿತ್ತು. ಇವನು ಹೇಗೂ ಕಾಲು ಭಾಗ ಇಳಿಸುತ್ತಾನೆ, ಸರಿಹೋಗುತ್ತದೆ ಎಂದು. ಚೀಟಿಯನ್ನು ಓದುವವಳು ರೀಟಾ ಎಂಬುದನ್ನು ಅವಳು ಮರೆತಿದ್ದಳು. ಏಳು ವರ್ಷದವಳಾಗಿದ್ದಾಗ, ಕದಲಬೇಡ ಎಂದು ಅಕ್ಕ ಹೇಳಿದಳೆಂದು ನೀರೆತ್ತುವ ಗಾಳಿಯಂತ್ರದ ಕೆಳಗೆ ಅರ್ಧ ದಿನ ಬಿಸಿಲಲ್ಲಿ ನಿಂತಿದ್ದ ರೀಟಾ. ಮೂವತ್ತೊಂದು ಸುಗ್ಗಿ, ಎಂಟು ವರ್ಷದ ಕ್ಯಾರವಾನುಗಳು, ಎಲ್ಲರನ್ನೂ ಕಳ್ಳರೆಂದೇ ನಂಬಿ ಎಲ್ವಾ ಚೀಟಿ ಬರೆದಿದ್ದಳು. ಹೇಳಿದಷ್ಟನ್ನೇ ಮಾಡುವ ಒಬ್ಬಳು ಬಂದಾಗ ಆ ಚೀಟಿ ವಿಷವಾಗಿತ್ತು.

"ಏನಾಯ್ತು?" ಎಂದಳು ರೀಟಾ. "ನಾನು ತಪ್ಪು ತೂಗಿದ್ನಾ?"

"ಇಲ್ಲ" ಎಂದಳು ಎಲ್ವಾ. "ನೀನು ಸರಿಯಾಗಿ ತೂಗಿದ್ದೀಯ. ನಾನು ತಪ್ಪು ಬರೆದಿದ್ದೀನಿ."

ಕ್ಲೆಮ್ ಟೋಪಿಯನ್ನು ಮತ್ತೆ ತಲೆಗಿಟ್ಟ. "ಇದನ್ನೂ ಇನ್ನೊಂದ್ಸಲ ಹೇಳು" ಎಂದ, ಮೆಲ್ಲಗೆ. "ಕುರಿಗಳಿಗೆ ಬೇಡ. ನನಗೆ."

ಅವಳು ಇನ್ನೊಂದು ಸಲ ಹೇಳಿದಳು. ಯಾಕೆ ಹಾಗೆ ಬರೆದೆನೆಂಬುದನ್ನೂ ಹೇಳಿದಳು. ಕ್ಲೆಮ್, "ಅಂದ್ರೆ ನನ್ನ ಮಾತು ಕೇಳಿ ಒಂದೇ ಕ್ಯಾನು ತೆಗೆದಿದ್ರೆ ಸರಿಹೋಗ್ತಿತ್ತು" ಎಂದ.

"ಹೆಚ್ಚುಕಡಿಮೆ ಹೋಗ್ತಿತ್ತು."

"ನಲವತ್ತಾರು ವರ್ಷದಲ್ಲಿ ಒಂದ್ಸಲ ಸರಿಯಾಗಿದ್ದೆ. ಅದನ್ನೂ ನೀವಿಬ್ರೂ ಕೆಡಿಸಿದ್ರಿ."

ಮೂವರೂ ಸೇರಿ ಹಗ್ಗ ಬಿಚ್ಚಿದರು. ಹತಾರ ಪೆಟ್ಟಿಗೆಯನ್ನೂ ಜನರೇಟರನ್ನೂ ಗಾಲಿಗಳ ನೇರ ಮೇಲೆ, ಊಟದ ಬೆಂಚಿನ ಕೆಳಗೆ ಕೂರಿಸಿದರು. ಎರಡು ಕ್ಯಾನುಗಳು ಮತ್ತೆ ಮುಂದಿನ ಪೆಟ್ಟಿಗೆಗೆ ಹೋದವು. ಬಾಲದಲ್ಲಿ ಉಳಿದದ್ದು ಒಂದು ಬಕೆಟ್ಟು ಮತ್ತು ಸೋಪು. ಮೂತಿಗಾಲಿಯನ್ನು ಹಲಗೆಯ ಮೇಲೆ ಇಳಿಸಿದಾಗ ಅಂಕಿ ಏರುತ್ತ ಏರುತ್ತ ಇನ್ನೂರ ಅರವತ್ತೊಂಬತ್ತಕ್ಕೆ ನಿಂತಿತು. ಒಟ್ಟು ತೂಕದ ಹತ್ತನೇ ಒಂದು ಪಾಲಿಗೆ ತುಸು ಕಡಿಮೆ, ಕೊಂಡಿಯ ಮಿತಿಯೊಳಗೆ. ಹೀಗಿರಬೇಕಾದದ್ದು. ಎಲ್ವಾ ಆದರೂ ಸಹಿ ಹಾಕಲಿಲ್ಲ. ತಾನೇ ಹಿಂದಿನ ಸೀಟಿನಲ್ಲಿ ಕುಳಿತು, ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರು ಹೋಗಿ ಬರುವಂತೆ ಮಾಡಿದಳು. ಮೂರು ಲಾರಿಗಳು ದಾಟಿದವು. ರೀಟಾ ಕಣ್ಣು ಮುಚ್ಚಿಕೊಂಡಿದ್ದಳು, ಎಲ್ವಾ ಹಿಂದಿನ ಗಾಜಿನಲ್ಲಿ ನೋಡುತ್ತಿದ್ದಳು. ಮೂರನೆಯದು ದಾಟಿದಾಗ ಕ್ಯಾರವಾನು ಒಮ್ಮೆ ಭುಜ ಕುಣಿಸಿ ಸುಮ್ಮನಾಯಿತು.

"ಪರದೆ ಕಾಣಿಸ್ತಿದೆಯಾ?" ಎಂದು ಕೇಳಿದಳು ರೀಟಾ.

"ಇಲ್ಲ. ಕಣ್ಣು ತೆಗಿ."

ಮೈದಾನಕ್ಕೆ ಮರಳಿ ಸಹಿ ಹಾಕಿದಳು. ಹೊಸ ಚೀಟಿಯಲ್ಲಿ ಎರಡು ಅಂಕಿ ಬರೆದಳು. ಇದಕ್ಕಿಂತ ಮೇಲೆ ಹೋಗಬಾರದು, ಮುನ್ನೂರು. ಇದಕ್ಕಿಂತ ಕೆಳಗೆ ಇಳಿಯಬಾರದು, ಇನ್ನೂರ ಐವತ್ತು. ಕೆಳಗಿನ ಅಂಕಿಯನ್ನು ಅವಳು ಎಂಟು ವರ್ಷದಲ್ಲಿ ಯಾರಿಗೂ ಬರೆದುಕೊಟ್ಟಿರಲಿಲ್ಲ. ಮೂತಿ ತೀರ ಹಗುರವಾಗುವಷ್ಟು ಮಾತು ಕೇಳುವವರು ಇದ್ದಾರೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಅವರು ಹೋದ ಮೇಲೆ ಕೇಕಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಚೀಟಿಗಳ ನಕಲು ಪುಸ್ತಕ ತೆರೆದಳು. ಕಾರ್ಬನ್ನಿನ ನೀಲಿ ಅಕ್ಷರಗಳು. ನೂರು ಇಳಿಸುವುದು. ನೂರ ಇಪ್ಪತ್ತು ಇಳಿಸುವುದು. ಎರಡು ಎರಡು ಗೆರೆ. ಪ್ರತಿಯೊಂದು ಹೆಸರಿನ ಮುಂದೆ ಅವಳು ಒಂದು ಮುಖವನ್ನು ನೆನಪಿಸಿಕೊಂಡು, ಇವನು ಕಳ್ಳನೋ, ಮಾತು ಕೇಳುವವನೋ ಎಂದು ತೂಗತೊಡಗಿದಳು. ತೂಕ ನಿಲ್ಲಲಿಲ್ಲ. ಕೊನೆಗೆ ಆ ವರ್ಷದ ಮೊದಲ ಹೆಸರಿಗೆ ಫೋನು ಮಾಡಿದಳು. ನಿವೃತ್ತ ಪೋಸ್ಟ್‌ಮಾಸ್ಟರು, ಲಾಯ್ಡ್ ಪ್ಫಿಟ್ಸ್‌ನರ್. ಸಂಘದವನಲ್ಲದ ಅವನು ಚೀಟಿ ಹಿಡಿದು ಹೋದವನು ಮತ್ತೆ ತೂಗಿಸಲು ಬಂದಿರಲಿಲ್ಲ. ಈಗ ಎಲ್ಲೋ ಗಾಳಿ ಬೀಸುವ ಜಾಗದಲ್ಲಿದ್ದ.

"ಲಾಯ್ಡ್, ಜನವರೀಲಿ ನಾನು ಚೀಟಿ ಬರೆದುಕೊಟ್ಟಿದ್ನಲ್ಲ. ಮೂತಿಯಿಂದ ನೂರ ಇಪ್ಪತ್ತು ಇಳಿಸು ಅಂತ. ಇಳಿಸಿದ್ಯಾ?"

"ಯಾಕೆ ಕೇಳ್ತಿದೀಯ?" ಎಂದ ಲಾಯ್ಡ್. ದನಿಯಲ್ಲಿ ಅನುಮಾನವಿತ್ತು. "ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಯಾರೂ ಹೇಳಿಲ್ಲ. ನಿಜ ಹೇಳು."

"ಇಳಿಸಿದ್ದೀನಮ್ಮಾ. ನೀನು ಬರೆದಷ್ಟೂ ಇಳಿಸಿದ್ದೀನಿ. ಒಂದು ಕಿಲೋ ಬಿಡದೆ."

ಎಲ್ವಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅವನ ಕಣ್ಣು ಎತ್ತ ಹೊರಳಿತೆಂದು ಇಲ್ಲಿಂದ ಕಾಣುವಂತಿರಲಿಲ್ಲ. ಎದುರಿನವನು ಸುಳ್ಳು ಹೇಳುತ್ತಿರಲಿ ದೇವರೇ ಎಂದು ಅವಳು ಬದುಕಿನಲ್ಲಿ ಮೊದಲ ಸಲ ಬೇಡಿಕೊಂಡಳು.

"ಲಾಯ್ಡ್" ಎಂದಳು, "ಗಾಡಿ ಅಲ್ಲೇ ನಿಲ್ಸು. ನಾನು ಹೇಳೋದನ್ನ ಪೂರ್ತಿ ಕೇಳು."